ಸಹಾಯ ಬೇಕು: ಇನ್ನೂರು ಮಕ್ಕಳ ಹೆಸರು ನೆನಪಿಡುವುದು ಹೇಗೆ?

ಎಲ್ಲ ಮೇಷ್ಟ್ರು, ಟೀಚರ್‌ಗಳಿಗೆ ನಮಸ್ಕಾರ. ವಿರಾಜಪೇಟೆ ಕಡೆಯ ಹೈಸ್ಕೂಲಿಗೆ ಈ ವರ್ಷ ವರ್ಗವಾಗಿ ಬಂದಿದ್ದೇನೆ. ಗಣಿತಕ್ಕೆ ನಾನೊಬ್ಬಳೇ, ಹಾಗಾಗಿ ಎಲ್ಲ ತರಗತಿ ಸೇರಿ ಸುಮಾರು ಇನ್ನೂರು ಮಕ್ಕಳು. ಬೋಪಣ್ಣ, ಪೊನ್ನಮ್ಮ, ದೇಚಮ್ಮ ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇದ್ದಾರೆ. ಈ ಮಳೆಯಲ್ಲಿ ಎಲ್ಲರದ್ದೂ ಒಂದೇ ಬಣ್ಣದ ಸ್ವೆಟರ್ ಬೇರೆ.

ಬೆಂಚುಗಳ ನಕ್ಷೆ ಬರೆದು ಹೆಸರು ತುಂಬಿದ್ದೇನೆ. ನೋಟ್‌ಬುಕ್ ವಾಪಸ್ ಕೊಡುವಾಗ ಮೊದಲು ಮುಖ ನೋಡಿ ಹೆಸರು ನೆನಪಿಸಿಕೊಳ್ಳುತ್ತೇನೆ, ಆಮೇಲೆ ಲೇಬಲ್ ನೋಡುತ್ತೇನೆ. ಸುಮ್ನೆ ಪಟ್ಟಿ ಓದುವುದಕ್ಕಿಂತ ಇದು ಜಾಸ್ತಿ ನಿಲ್ಲುತ್ತದೆ. ಬಿಟ್ಟು ಬಿಟ್ಟು ಮೆಲುಕು ಹಾಕಿದ್ದು ಚೆನ್ನಾಗಿ ಉಳಿಯುತ್ತದೆ ಅಂತ ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದರು, ಅಲ್ವಾ?

ಆದರೆ ಮಕ್ಕಳು ಜಾಗ ಬದಲಿಸಿದರೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ, ಹೆಸರು ಬಾಯಿಗೆ ಬರುವುದಿಲ್ಲ. ತೋಟದ ಲೈನ್‌ಮನೆ (ಕೂಲಿಕಾರರ ಸಾಲುಮನೆ) ಮಕ್ಕಳು ಕೆಲವರು ವರ್ಷದ ನಡುವೆ ಬಂದು ಸೇರುತ್ತಾರೆ. ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುತ್ತಾರೆ. ಅವರನ್ನು ‘ಏ ಹುಡುಗಿ’ ಅಂತ ಕರೆಯಲು ನನಗೆ ಮನಸ್ಸಿಲ್ಲ. ಮೊನ್ನೆ ಒಬ್ಬಳನ್ನು ಹೆಸರು ಹಿಡಿದು ಕರೆದೆ, ತಾನಾಗಿಯೇ ಬೋರ್ಡಿಗೆ ಬಂದು ಲೆಕ್ಕ ಮಾಡಿದಳು.

ನಡುವೆ ಸೇರಿದವರ ಹೆಸರು ಬೇಗ ಕಲಿಯಲು, ಒಂದೇ ಹೆಸರಿನವರನ್ನು ಗುರುತಿಡಲು ನೀವು ಏನು ಮಾಡುತ್ತೀರಿ? ದೊಡ್ಡ ತರಗತಿಗಳಲ್ಲಿ ಮಾಡಿ ನೋಡಿದ್ದನ್ನು ದಯವಿಟ್ಟು ತಿಳಿಸಿ.