ಆರು ಲಕ್ಷದ ಪೆಟ್ಟಿಗೆ: ಮನೆ ಗುಂಪಿನ ಜಟಾಪಟಿ

(ಗುಂಪಿನ ಹೆಸರು ‘ತುಮಕೂರು ಮನೆ’. ಮಾತುಗಳನ್ನು ಇದ್ದ ಹಾಗೇ ಇಟ್ಟಿದ್ದೇನೆ. ನಡುನಡುವೆ ದೊಡ್ಡಮ್ಮ ಕಳಿಸಿದ ಹೂವಿನ ಚಿತ್ರಗಳನ್ನು ಮಾತ್ರ ತೆಗೆದಿದ್ದೇನೆ.)

ಕಿರಣ: [ವಿಡಿಯೊ] ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಬರುವುದು ಚಿಕ್ಕ ಸ್ಪೀಕರ್, ಕೆಇಎಫ್ ಕಂಪನಿಯ ಎಲ್‌ಎಸ್50 ಮೆಟಾ. ಆಮೇಲೆ ಬರುವುದು ಎದೆಯೆತ್ತರದ ಟವರ್ ಸ್ಪೀಕರ್, ಜೋಡಿಗೆ ಆರು ಲಕ್ಷ. ಎಷ್ಟು ವ್ಯತ್ಯಾಸ ಇದೆ ಅಲ್ವಾ? ಹೊಸ ಮನೆ ಹಾಲ್‌ಗೆ ಟವರೇ ಅಂತ ಮನಸ್ಸು ಮಾಡಿಬಿಟ್ಟಿದ್ದೇನೆ.

ರಶ್ಮಿ: ಮನಸ್ಸು ಮಾಡಿದ್ದು ನನಗೂ ಈಗಲೇ ಗೊತ್ತಾಗಿದ್ದು.

ಪ್ರಕಾಶ ಭಾವ: ಭೇಷ್ ಕಿರಣ! ಟವರ್ ಬಂದ ತಕ್ಷಣ ಹಾಡಿಗೆ ಮೈ ಬಂತು. ಇಂಥದ್ದನ್ನು ಜೀವನದಲ್ಲಿ ಒಂದೇ ಸಲ ತೆಗೆದುಕೊಳ್ಳುವುದು. ಕಂಜೂಸ್ ಮಾಡಬೇಡ.

ನಾನು: ಭಾವ, ಈ ವಿಡಿಯೊದಲ್ಲಿ ಸ್ಪೀಕರ್ ಎಲ್ಲಿ ಕೇಳಿಸಿತು ನಿಮಗೆ? ಅಂಗಡಿಯ ಕೋಣೆ, ಅವರ ಮೊಬೈಲ್ ಮೈಕು, ವಾಟ್ಸಾಪ್ ಹಿಂಡಿ ಚಿಕ್ಕದು ಮಾಡಿದ ಫೈಲು, ಕೊನೆಗೆ ನಿಮ್ಮ ಹೆಡ್‌ಫೋನು. ಇಷ್ಟೆಲ್ಲ ದಾಟಿ ಬಂದ ಮೇಲೆ ಉಳಿದದ್ದು ಏನು? ಇನ್ನೊಂದು ಗಮನಿಸಿ. ಟವರ್ ಶುರುವಾದಾಗ ಶಬ್ದವೇ ಏರಿದೆ. ಅದೇ ಹಾಡನ್ನು ಒಂದೆರಡು ಡೆಸಿಬೆಲ್ (ಡಿಬಿ, ಶಬ್ದದ ಜೋರಿನ ಅಳತೆ) ಜೋರಾಗಿ ಹಾಕಿದರೆ ಸಾಕು, ಕಿವಿಗೆ ಅದೇ ‘ತುಂಬಿದ ಧ್ವನಿ’ ಅನ್ನಿಸುತ್ತದೆ. ಶೋರೂಮ್‌ನವರಿಗೆ ಇದು ಚೆನ್ನಾಗಿ ಗೊತ್ತು.

ಕಿರಣ: ಶುರು ಮಾಡಿದಳು ನೋಡಿ. ಅನು, ನೀನು ಓದಿದ್ದು ಅಕೌಸ್ಟಿಕ್ಸ್, ಶಬ್ದದ ವಿಜ್ಞಾನ ಅಂತ ನಮಗೆಲ್ಲ ಗೊತ್ತು ಕಣೇ.

ನಾಗರಾಜ ಮಾವ: ಸೆನ್ಸಿಟಿವಿಟಿ ಎಷ್ಟು? ಅಂದರೆ, ಅಷ್ಟೇ ಪವರ್ ಕೊಟ್ಟರೆ ಯಾವುದು ಎಷ್ಟು ಜೋರು ಕೇಳುತ್ತದೆ?

ಕಿರಣ: ಕೆಇಎಫ್ 85 ಡಿಬಿ. ಟವರ್ 90 ಅಂತ ಬರೆದಿದ್ದಾರೆ ಮಾವ.

ನಾಗರಾಜ ಮಾವ: ಹಾಗಾದರೆ ಒಂದೇ ವಾಲ್ಯೂಮ್‌ನಲ್ಲಿ ಇಟ್ಟು ಸ್ವಿಚ್ ಬದಲಿಸಿದ್ದಾರೆ, ಅಷ್ಟೇ. 5 ಡಿಬಿ ಜೋರು ಕೇಳಲೇಬೇಕು. ಪ್ರತಿ 3 ಡಿಬಿ ಜೋರಿಗೆ ಆಂಪ್ಲಿಫೈಯರ್ ವ್ಯಾಟ್ ಎರಡರಷ್ಟು ಬೇಕಾಗುತ್ತದೆ. ಗುಬ್ಬಿಯಲ್ಲಿ ಇಷ್ಟು ವರ್ಷದಿಂದ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದೇನೆ. ಗಿರಾಕಿಗಳು ವ್ಯಾಟ್ ಒಂದನ್ನೇ ಕೇಳುತ್ತಾರೆ, ಈ ಸಂಖ್ಯೆ ಕೇಳಿದವರನ್ನು ನಾನು ಕಂಡಿಲ್ಲ. ಅಮೆರಿಕದ ಕ್ಲಿಪ್ಶ್‌ನವರ ಒಂದು ಹಾರ್ನ್ ಸ್ಪೀಕರ್ ಇದೆ, ಕ್ಲಿಪ್ಶ್‌ಹಾರ್ನ್. 1946ರಿಂದ ಬರುತ್ತಿದೆ. 105 ಡಿಬಿ. ನಿನ್ನ ಕೆಇಎಫ್‌ಗೆ 100 ವ್ಯಾಟ್ ಬೇಕಾದ ಕಡೆ ಅದಕ್ಕೆ 1 ವ್ಯಾಟ್ ಸಾಕು!

ಕಿರಣ: ಅದನ್ನೇ ತಗೊಳ್ಳಲಾ ಹಾಗಾದರೆ?

ನಾಗರಾಜ ಮಾವ: ಮನೆಗೆ ಅಂತ ಮಾಡಿದ್ದೇ. ಆದರೆ ಮೂಲೆಯಲ್ಲಿ ಕೂರಿಸಬೇಕು. ಎರಡು ಗೋಡೆಗಳೇ ಹಾರ್ನಿನ ಬಾಯಿ ಆಗುತ್ತವೆ. ಎರಡು ಮೂಲೆ ಖಾಲಿ ಬೇಕು.

ದೊಡ್ಡಮ್ಮ: ಕಿರಣ, ಈಶಾನ್ಯದಲ್ಲಿ ಭಾರ ಇಡಬಾರದಪ್ಪ.

ರಶ್ಮಿ: ದೊಡ್ಡಮ್ಮ 🙏🙏

ನಾನು: ವಾಸ್ತುವಿನಿಂದಾದರೂ ಒಂದು ಸ್ಪೀಕರ್ ಪಟ್ಟಿಯಿಂದ ಬಿತ್ತು. ಕಿರಣ, ಆ ಹಾಲ್ ಅಳತೆ ಹೇಳು.

ಕಿರಣ: 18 ಅಡಿ, 12 ಅಡಿ. ಎತ್ತರ 10. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ಪೂರ್ತಿ ಗಾಜಿನ ಸ್ಲೈಡಿಂಗ್ ಬಾಗಿಲು.

ನಾನು: ಸರಿ, ಈಗ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ಎದುರು ಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಹಾಕಿಕೊಂಡು ಅಲ್ಲೇ ನಿಲ್ಲುತ್ತವೆ. 18 ಅಡಿಗೆ ಅದು ಸುಮಾರು 31 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ), 12 ಅಡಿಗೆ 47, 10 ಅಡಿಗೆ 56. ಈ ಸ್ವರಗಳಲ್ಲಿ ಸೋಫಾದ ಒಂದು ತುದಿಯಲ್ಲಿ ಬಾಸ್ (ತಗ್ಗಿನ ಧ್ವನಿ) ಗುಂಯ್ ಅನ್ನುತ್ತದೆ, ನಡುವೆ ಕೂತವರಿಗೆ ಅದೇ ಬಾಸ್ ಇರುವುದೇ ಇಲ್ಲ. ಸ್ಪೀಕರ್ ಬೆಲೆ ಒಂದು ಲಕ್ಷವೋ ಹತ್ತು ಲಕ್ಷವೋ, ಗೋಡೆಗೆ ಗೊತ್ತಾಗಲ್ಲ. ಮನೆಗಳಲ್ಲಿ ಸುಮಾರು 200-300 ಹರ್ಟ್ಸ್ ಕೆಳಗೆ ಕೋಣೆಯದೇ ಕಾರುಬಾರು. ಆ ಟವರ್‌ಗೆ ನೀನು ಕೊಡುವ ಜಾಸ್ತಿ ದುಡ್ಡಿನಲ್ಲಿ ದೊಡ್ಡ ಪಾಲು ಈ ಕೆಳಗಿನ ಬಾಸ್‌ಗೇ ಹೋಗುತ್ತದೆ. ಅಂದರೆ, ನಿನ್ನ ಹಾಲ್ ಯಾವ ಬಾಸನ್ನು ಕೆಡಿಸುತ್ತದೋ ಅದಕ್ಕೇ ನೀನು ದುಡ್ಡು ಸುರಿಯುತ್ತಿದ್ದೀಯ. ಗಾಜು, ಟೈಲ್ಸ್ ಬೇರೆ. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟು. ಟರ್ರ್ ಅಂತ ವಾಪಸ್ ಬರುತ್ತದಾ ನೋಡು.

ಕಿರಣ: ಬಂತು. 😐

ರಶ್ಮಿ: ಮಗು ಎದ್ದಿತು. ನಿಮ್ಮೆಲ್ಲರಿಗೂ ಧನ್ಯವಾದ.

ಪ್ರಕಾಶ ಭಾವ: ಅನು, ಪುಸ್ತಕದ ಲೆಕ್ಕ ಸಾಕು. ನನ್ನ ಹತ್ತಿರ ಇರುವುದು ಬವರ್ಸ್ ಅಂಡ್ ವಿಲ್ಕಿನ್ಸ್. ಅದೇ ಕಂಪನಿಯ ಸ್ಪೀಕರ್ ಲಂಡನ್ನಿನ ಹೆಸರಾಂತ ಅಬ್ಬೆ ರೋಡ್ ರೆಕಾರ್ಡಿಂಗ್ ಸ್ಟುಡಿಯೊದಲ್ಲಿದೆ. ಅವರೇನು ದಡ್ಡರಾ?

ನಾನು: ದಡ್ಡರಲ್ಲ ಭಾವ. ಅವರು ಕೋಣೆಯನ್ನು ಧ್ವನಿಗಾಗಿಯೇ ಕಟ್ಟಿದ್ದಾರೆ. ಕಿರಣ ಟಿವಿ ಯೂನಿಟ್‌ಗಾಗಿ ಕಟ್ಟಿದ್ದಾನೆ.

ಪ್ರಕಾಶ ಭಾವ: ಆಯ್ತು, ಒಂದು ವಿಷಯ ಒಪ್ಪಿಕೊ. ಚಿಕ್ಕ ಸ್ಪೀಕರ್‌ನಲ್ಲಿ ಐದೂಕಾಲು ಇಂಚಿನ ಒಂದೇ ಕೋನ್ (ಶಬ್ದ ಹೊರಡಿಸಲು ಅದುರುವ ಬಟ್ಟಲು) ಬಾಸನ್ನೂ ಹೊರಬೇಕು, ಗಾಯಕನ ಗಂಟಲನ್ನೂ ಹೊರಬೇಕು. ಜೋರು ಮಾಡಿದರೆ ತಿಣುಕುತ್ತದೆ. ದೊಡ್ಡದರಲ್ಲಿ ಕೆಲಸ ಹಂಚಿರುತ್ತದೆ. ಆ ನಿರಾಳ ಇದೆಯಲ್ಲ, ಅದು ನಿನ್ನ ಲೆಕ್ಕದಲ್ಲಿ ಬರಲ್ಲ.

ನಾನು: ಅದು ಪೂರ್ತಿ ನಿಜ. ಹಾಲ್ ದೊಡ್ಡದಿದ್ದು, ಜೋರಾಗಿ ಕೇಳುವವರಾದರೆ ಟವರ್ ಗೆಲ್ಲುತ್ತದೆ. ಆದರೆ ಕಿರಣ ಜೋರಾಗಿ ಕೇಳುತ್ತಾನಾ? ರಶ್ಮಿ, ನೀನೇ ಹೇಳು.

ರಶ್ಮಿ: ರಾತ್ರಿ ಒಂಬತ್ತಕ್ಕೆ ಮಗು ಮಲಗಿದ ಮೇಲೆ, ಪಕ್ಕದ ಮನೆ ಟಿವಿಗಿಂತ ಕಡಿಮೆ ಸೌಂಡಿನಲ್ಲಿ ಕೇಳುತ್ತಾರೆ. ಎಸ್ಐಟಿ ಬಡಾವಣೆಯಲ್ಲಿ ಗೋಡೆಗೆ ಗೋಡೆ ತಾಗಿಕೊಂಡೇ ಮನೆ.

ನಾನು: ಮೆಲ್ಲಗೆ ಇಟ್ಟಾಗ ನಮ್ಮ ಕಿವಿಗೇ ಬಾಸ್ ಕಡಿಮೆ ಕೇಳುತ್ತದೆ. ಫ್ಲೆಚರ್, ಮನ್ಸನ್ ಅಂತ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆರು ಲಕ್ಷ ಕೊಟ್ಟು ತಂದ ಬಾಸು ರಾತ್ರಿ ಒಂಬತ್ತಕ್ಕೆ ಮಗುವಿನ ಜೊತೆ ಮಲಗಿರುತ್ತದೆ.

ಸುಧಾ ಅತ್ತೆ: ಪಾಠ ಮುಗಿಸಿ ಈಗ ನೋಡಿದೆ. ನೂರು ಮೆಸೇಜು! ಯಾರೂ ಸಂಗೀತದ ವಿಷಯವೇ ಮಾತಾಡಿಲ್ಲವಲ್ಲ. ಕಿರಣ, ನೀನು ಕೇಳುವುದು ಏನು?

ಕಿರಣ: ಕರ್ನಾಟಕ ಸಂಗೀತ, ಹಳೆ ಸಿನಿಮಾ ಹಾಡು. ಭಾನುವಾರ ಒಂದು ಸಿನಿಮಾ.

ಸುಧಾ ಅತ್ತೆ: ಗಂಡಸರ ಶ್ರುತಿ ಬಿಳಿ ಒಂದು (ಹಾರ್ಮೋನಿಯಂನ ಮೊದಲ ಬಿಳಿ ಮನೆ) ಅಂದರೆ ಷಡ್ಜ, ‘ಸ’, ಎಷ್ಟು ಬರುತ್ತದೆ ಅನು, ನಿಮ್ಮ ಲೆಕ್ಕದಲ್ಲಿ?

ನಾನು: ಸುಮಾರು 130 ಹರ್ಟ್ಸ್ ಅತ್ತೆ. ಮಂದ್ರ ಪಂಚಮಕ್ಕೆ, ಅಂದರೆ ಕೆಳಗಿನ ‘ಪ’ಕ್ಕೆ ಇಳಿದರೆ 98. ಕೆಇಎಫ್‌ನವರು ಆ ಚಿಕ್ಕದಕ್ಕೆ 79 ಹರ್ಟ್ಸ್‌ವರೆಗೆ ಅಂತ ಬರೆದಿದ್ದಾರೆ. ಅಂದರೆ ಹಾಡುಗಾರಿಕೆ ಆರಾಮಾಗಿ ಒಳಗೇ ಇದೆ. ತಂಬೂರಿಯ ಮಂದ್ರ ತಂತಿ ಮಾತ್ರ 65, ಅದು ಕೆಳಗೆ ಹೋಗುತ್ತದೆ.

ಸುಧಾ ಅತ್ತೆ: ತಂಬೂರಿಯಲ್ಲಿ ಕಿವಿಗೆ ಬೀಳುವುದು ತಂತಿಯ ಮೂಲ ಸ್ವರಕ್ಕಿಂತ ಮೇಲಿನ ಝೇಂಕಾರ ಕಣಮ್ಮ. ಕುದುರೆ (ತಂತಿ ಹಾದುಹೋಗುವ ಮೆಟ್ಟಿಲು) ಮೇಲೆ ದಾರ ಸರಿಯಾಗಿ ಕೂತರೆ ಗಾಂಧಾರ, ‘ಗ’, ತಾನಾಗಿ ಕೇಳುತ್ತದೆ. ನಾನು ಸ್ಪೀಕರ್ ನೋಡುವುದಾದರೆ ತಂಬೂರಿ ಒಂದನ್ನೇ ಹಾಕಿಸುತ್ತೇನೆ. ಗಾಂಧಾರ ಕೇಳಿಸದೆ ಬರೀ ‘ಜುಂಯ್’ ಅಂದರೆ ವಾಪಸ್ ಕಳಿಸು. ಆಮೇಲೆ ಮೃದಂಗ. ಬಲಗಡೆಯ ‘ನಂ’ ಪೆಟ್ಟು ಮತ್ತು ಎಡಗಡೆಯ ತೊಪ್ಪಿಯ ನಾದ ಬೇರೆ ಬೇರೆ ಕೇಳಬೇಕು. ಅಂಗಡಿಯವರು ಹಾಕುವ ಆ ಇಂಗ್ಲಿಷ್ ಗಿಟಾರ್ ಹಾಡಿನಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳುತ್ತವೆ.

ಪ್ರಕಾಶ ಭಾವ: ಅತ್ತೆ ಹೇಳಿದ್ದು ಸರಿ. ಆದರೆ ಭಾನುವಾರದ ಸಿನಿಮಾ?

ನಾಗರಾಜ ಮಾವ: ಅದಕ್ಕೆ ಒಂದು ಸಬ್‌ವೂಫರ್ (ಬಾಸ್‌ಗೇ ಅಂತ ಇರುವ ಬೇರೆ ಪೆಟ್ಟಿಗೆ) ಸಾಕು. ಸಬ್ ಆದರೆ ಹಾಲಲ್ಲಿ ಎಲ್ಲಿ ಬಾಸ್ ಸಮ ಇದೆಯೋ ಅಲ್ಲಿಗೆ ಎಳೆದುಕೊಂಡು ಹೋಗಬಹುದು. ಟವರಿನ ಬಾಸು ಟವರ್ ನಿಂತ ಕಡೆಯೇ ನಿಲ್ಲುತ್ತದೆ. ಇನ್ನೊಂದು ಮಾತು, ಯಾರೂ ಕೇಳಿಲ್ಲ. ಐದು ವರ್ಷ ಆದ ಮೇಲೆ ಆರು ಲಕ್ಷದ್ದರ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿ ಸುರುಳಿ) ಸುಟ್ಟರೆ ಯಾರು ನೋಡುತ್ತಾರೆ? ನಮ್ಮ ಪೆಟ್ಟಿಗೆ ಆದರೆ ನಾನೇ ರೀಕೋನ್ ಮಾಡಿಸಿ (ಕೋನು, ಕಾಯಿಲು ಹೊಸದು ಹಾಕಿಸಿ) ಮಾರನೇ ದಿನ ಮದುವೆಗೆ ಕಳಿಸುತ್ತೇನೆ. ಹೊರದೇಶದ್ದಕ್ಕೆ ಡ್ರೈವರ್, ಅಂದರೆ ಕೋನು ಕಾಯಿಲು ಸೇರಿದ ಭಾಗವನ್ನೇ ಪೂರ್ತಿ ತರಿಸಬೇಕು. ತಗೊಳ್ಳುವ ಮುಂಚೆ ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಬರೆಸಿಕೊ. ಕೋಲ್ಕತ್ತಾದ ಸೋನೊಡೈನ್ ಕಂಪನಿ ಇದೆ, ಅವರ ಸ್ಪೀಕರನ್ನೂ ಒಂದು ಸಲ ಕೇಳು. ಹೆಸರು ನಮ್ಮದು ಅಂತ ಮೂಗು ಮುರಿಯಬೇಡ.

ಪ್ರಕಾಶ ಭಾವ: ಕೇಬಲ್ ವಿಷಯ ಮರೆತಿರಿ. ನನ್ನ ಹತ್ತಿರ ಹಳೆಯ ಒಂದು ಜೋಡಿ ಇದೆ. ಅರವತ್ತು ಸಾವಿರದ್ದು. ಕಿರಣನಿಗೆ ಅರ್ಧ ಬೆಲೆಗೆ ಕೊಡುತ್ತೇನೆ.

ನಾನು: 😂 ಭಾವ! 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ನಾಲ್ಕು ಮೀಟರ್, ಹೋಗಿ ಬಂದು ಎಂಟು. ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 0.06 ಓಮ್. ಎಂಟು ಓಮಿನ ಸ್ಪೀಕರ್ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಎಂ.ಜಿ. ರಸ್ತೆಯಲ್ಲಿ ಯಾವ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಸಿಗುತ್ತದೆ.

ಪ್ರಕಾಶ ಭಾವ: ನನಗೆ ವ್ಯತ್ಯಾಸ ಕೇಳಿಸುತ್ತದೆ.

ನಾನು: ಕಣ್ಣು ಮುಚ್ಚಿದಾಗಲೂ? ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನುವವರು ಹರ್ಮನ್ ಕಂಪನಿಯಲ್ಲಿ ಒಂದು ಪರೀಕ್ಷೆ ಮಾಡಿ 1994ರಲ್ಲಿ ಪ್ರಕಟಿಸಿದರು. 40 ಜನ, ಅದೇ ಕಂಪನಿಯವರು. ನಾಲ್ಕು ಸ್ಪೀಕರ್. ಪರದೆ ಇಲ್ಲದೆ ಕೇಳಿದಾಗ ದೊಡ್ಡ, ದುಬಾರಿ ಪೆಟ್ಟಿಗೆಗೆ ಅಂಕ ಏರಿತು, ಅಗ್ಗದ ಪ್ಲಾಸ್ಟಿಕ್ ಸೆಟ್ಟಿಗೆ ಬಿತ್ತು. ಪರದೆ ಎಳೆದ ಮೇಲೆ ಆ ಅಂತರ ಎಷ್ಟೋ ಕರಗಿತು. ಸ್ಪೀಕರ್ ಮಾಡುವ ಕಂಪನಿಯವರ ಕಿವಿಯನ್ನೇ ಕಣ್ಣು ಹಾಗೆ ಆಡಿಸಿದರೆ ನಮ್ಮದು ಯಾವ ಲೆಕ್ಕ?

ಪ್ರಕಾಶ ಭಾವ: ಹಾಗಾದರೆ ಎಲ್ಲ ಸ್ಪೀಕರೂ ಒಂದೇ ಅಂತೀಯಾ?

ನಾನು: ಇಲ್ಲ ಇಲ್ಲ. ಪರದೆ ಹಿಂದೆಯೂ ಒಳ್ಳೆಯದು ಒಳ್ಳೆಯದೇ, ಕೆಟ್ಟದ್ದು ಕೆಟ್ಟದ್ದೇ. ಆ ಚಿಕ್ಕ ಕೆಇಎಫ್‌ನಲ್ಲಿ ಮೇಲಿನ ಸ್ವರದ ಟ್ವೀಟರನ್ನು ಕೆಳಗಿನ ಸ್ವರದ ವೂಫರ್ ಕೋನಿನ ನಡುವೆಯೇ ಕೂರಿಸಿದ್ದಾರೆ. ಮೇಲಿನ ಸ್ವರ, ಕೆಳಗಿನ ಸ್ವರ ಎರಡೂ ಒಂದೇ ಜಾಗದಿಂದ ಬರುತ್ತವೆ. ಸೋಫಾದಲ್ಲಿ ಎಲ್ಲಿ ಕೂತರೂ ಧ್ವನಿ ಹೆಚ್ಚು ಬದಲಾಗಲ್ಲ. ಅದಕ್ಕೆ ದುಡ್ಡು ಕೊಡಬಹುದು. ಪಿಯಾನೊ ಪಾಲಿಶ್‌ಗೆ, ಪೆಟ್ಟಿಗೆ ತೂಕಕ್ಕೆ ಕೊಡುವಾಗ ಮಾತ್ರ ಕಿವಿಗಾಗಿ ಕೊಡುತ್ತಿದ್ದೇನೆ ಅಂದುಕೊಳ್ಳಬೇಡಿ. ನೋಡಲು ಚೆಂದ ಅಂತ ಕೊಡಿ, ತಪ್ಪೇನಿಲ್ಲ.

ದೊಡ್ಡಮ್ಮ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸೌಂಡ್ ಸರಿಹೋಗುತ್ತದಂತೆ, ವಿಡಿಯೊ ಬಂದಿತ್ತು.

ನಾನು: ಅದರಿಂದ ಹೆಚ್ಚೇನೂ ಆಗಲ್ಲ ದೊಡ್ಡಮ್ಮ, ಬರೀ ರಟ್ಟು. ನಿಮ್ಮ ಅಟ್ಟದ ಮೇಲಿರುವ ಎರಡು ದಪ್ಪ ಜಮಖಾನ ಕೊಡಿ, ಅದು ಉಪಯೋಗ. ಗಾಜಿಗೆ ನೆಲದವರೆಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಚಪ್ಪಾಳೆಯ ಟರ್ರ್ ಇಷ್ಟಕ್ಕೇ ಹೋಗುತ್ತದೆ. ಬಾಸ್‌ಗೆ ಇದ್ಯಾವುದೂ ನಾಟಲ್ಲ. 47 ಹರ್ಟ್ಸ್ ಅಲೆಯ ಉದ್ದವೇ ಏಳು ಮೀಟರ್ ದಾಟುತ್ತದೆ, ಪರದೆ ಅದನ್ನೇನು ತಡೆಯುತ್ತದೆ? ಅದಕ್ಕೆ ಸ್ಪೀಕರನ್ನು, ಸೋಫಾವನ್ನು ಗೋಡೆಯಿಂದ ಮುಂದೆ ಎಳೆದು ಎಳೆದು ನೋಡಬೇಕು.

ರಶ್ಮಿ: ಜಮಖಾನ ಓಕೆ. ಕಪಾಟು ಓಕೆ. ಸೋಫಾ ಹಾಲಿನ ನಡುವೆ ಬರುವುದಿಲ್ಲ.

ಕಿರಣ: ಸರಿ ಕೇಳಿ. ಅಂಗಡಿಯವರು ಎರಡೂ ಜೋಡಿಯನ್ನು ಮನೆಗೆ ತಂದು ಒಂದು ದಿನ ಇಡುತ್ತೇವೆ ಅಂದಿದ್ದಾರೆ. ಮೊದಲು ಜಮಖಾನ, ಪರದೆ ಹಾಕಿಸುತ್ತೇನೆ. ಆಮೇಲೆ ಪರೀಕ್ಷೆ. ಬಟ್ಟೆ ಹಿಂದೆ ಸ್ಪೀಕರ್, ಅತ್ತೆ ತಂಬೂರಿ ರೆಕಾರ್ಡಿಂಗ್ ತರಲಿ, ಮಾವ ಸೌಂಡ್ ಮೀಟರ್ ತಂದು ಎರಡನ್ನೂ ಒಂದೇ ಮಟ್ಟಕ್ಕೆ ಕೂರಿಸಲಿ. ಭಾವ ಪಾಸಾದರೆ ಟವರ್.

ಪ್ರಕಾಶ ಭಾವ: ನಾನು ಪಾಸಾಗಿಯೇ ಆಗುತ್ತೇನೆ. ಆದರೆ ಆಂಪ್ಲಿಫೈಯರ್ ನನ್ನದೇ ತರುತ್ತೇನೆ, ಮಾವನ ಮದುವೆ ಆಂಪ್ಲಿಫೈಯರ್ ಬೇಡ.

ನಾಗರಾಜ ಮಾವ: ಮದುವೆ ಆಂಪ್ಲಿಫೈಯರ್‌ನಲ್ಲೇ ನಿನ್ನ ಮದುವೆ ಆಗಿದ್ದು ಪ್ರಕಾಶ. ಯಾವತ್ತು ಇಟ್ಟುಕೊಳ್ಳೋಣ?

ಸುಧಾ ಅತ್ತೆ: ಈ ಭಾನುವಾರ ಬೇಡ, ನನ್ನ ಪಾಠದ ಮಕ್ಕಳಿಗೆ ಸಂಗೀತದ ಜೂನಿಯರ್ ಪರೀಕ್ಷೆ ಪಾಠ ಇದೆ. ಮುಂದಿನ ಭಾನುವಾರ ಹನ್ನೊಂದಕ್ಕೆ.

ರಶ್ಮಿ: ಊಟಕ್ಕೆ ಎಷ್ಟು ಜನ ಅಂತ ಈಗಲೇ ಹೇಳಿ.