ಯುಕಿತ್ಸುರಿಗೆ ಕನ್ನಡ ಪದ ಬೇಕು, ಗುರುವಾರದೊಳಗೆ

ಗೆಳೆಯರೇ,

ಶಾಲೆಯೊಂದರ ಚಿತ್ರಪ್ರದರ್ಶನಕ್ಕೆ ಅಡಿಬರಹ ಬರೆಯುತ್ತಿದ್ದೇನೆ. ಜಪಾನಿನ ಕನಜಾವಾ ಊರಿನ ಕೆನ್‌ರೊಕು-ಎನ್ ತೋಟ, ಅದರ ನಾಲ್ಕು ಕಾಲ. ಏಪ್ರಿಲ್‌ನ ಚೆರ್ರಿ ಹೂವು, ಜೂನ್ ಮಳೆಯ ಪಾಚಿ, ನವೆಂಬರ್‌ನ ಕೆಂಪೆಲೆ, ಇವಕ್ಕೆಲ್ಲ ಮಾತು ಸಿಕ್ಕಿತು. ಚಳಿಗಾಲಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಅಲ್ಲಿ ಬೀಳುವ ಹಿಮ ಒದ್ದೆ, ಭಾರ ಜಾಸ್ತಿ. ಕೊಂಬೆ ಮುರಿಯುತ್ತದೆ. ಅದಕ್ಕೇ ಪ್ರತಿ ವರ್ಷ ನವೆಂಬರ್ 1ರಿಂದ, ಮರಕ್ಕಿಂತ ಎತ್ತರದ ಕಂಬ ನಿಲ್ಲಿಸಿ, ಅದರ ತುದಿಯಿಂದ ಒಂದೊಂದು ಕೊಂಬೆಗೂ ಭತ್ತದ ಹುಲ್ಲಿನ ಹಗ್ಗ ಇಳಿಬಿಟ್ಟು ಕಟ್ಟುತ್ತಾರೆ. ಇದೇ ಯುಕಿತ್ಸುರಿ. ಮೊದಲ ಹಗ್ಗ ಕರಸಾಕಿ ಪೈನ್ ಮರಕ್ಕೆ. ಅಲ್ಲಿನ 13ನೇ ದೊರೆ ಮಾಯೆದಾ ನಾರಿಯಾಸು ಬಿವಾ ಸರೋವರದ ದಡದ ಕರಸಾಕಿಯಿಂದ ಬೀಜ ತರಿಸಿ ಬೆಳೆಸಿದ ಮರ ಅದು. ಅದೊಂದಕ್ಕೇ ಐದು ಕಂಬ, ಸುಮಾರು 800 ಹಗ್ಗ. ಕಂಬದ ತುದಿಯಲ್ಲಿದ್ದವನು ಹಗ್ಗವನ್ನು ಕೆಳಕ್ಕೆ ಬೀಸುತ್ತಾನೆ, ಕೆಳಗಿನವರು ಹಿಡಿದು, ಬಿಗಿಯೂ ಆಗದಂತೆ ಸಡಿಲವೂ ಆಗದಂತೆ ನೋಡಿ ಗಂಟು ಹಾಕುತ್ತಾರೆ. ಅರ್ಧ ದಿನ ಅಲ್ಲೇ ನಿಂತು ನೋಡಿದೆ. ಒಣಹುಲ್ಲಿನ ವಾಸನೆ, ನಮ್ಮ ಕಣದ ವಾಸನೆಯೇ. ಮಾರ್ಚ್ 15ರಿಂದ ಬಿಚ್ಚುತ್ತಾರೆ.

ಯುಕಿ ಅಂದರೆ ಹಿಮ, ತ್ಸುರಿ ಅಂದರೆ ತೂಗುಹಾಕುವುದು. ಹಾಗೇ ಬರೆದರೆ ನಮ್ಮ ಮಕ್ಕಳು ‘ಸುರಿ’ ಅಂತ ಓದಿ, ಹಿಮ ಸುರಿಯುವುದು ಅಂದುಕೊಳ್ಳುತ್ತಾರೆ. ‘ಹಿಮತೂಗು’ ಆಗಬಹುದಾ?

ಮರು:
ಆಗದು. ಹಿಮ ಸಂಸ್ಕೃತ, ತೂಗು ಕನ್ನಡ, ಅರಿಸಮಾಸ. ‘ಮಂಜು’ ಇರುವಾಗ ಹಿಮ ಯಾಕೆ ಬೇಕು? ತೆಲುಗರಿಗೆ ಮಂಚು ಸಾಕು, ಮಲಯಾಳಿಗಳಿಗೂ ಅದೇ ಪದ ಸಾಕು, ನಮಗೆ ಮಾತ್ರ ಸಾಲದಾ? ಹಗ್ಗಕ್ಕೆ ಹಳಗನ್ನಡದ ಚೆಂದದ ಪದ ನೇಣು. ‘ಮಂಜುನೇಣು’ ಅಂತ ಬರೆಯಿರಿ, ಮುಗಿಯಿತು.

ಮರು: ಮರು:
ಸರ್, ನೇಣು ಮೊದಲು ಹಗ್ಗವೇ ಆಗಿತ್ತು, ಒಪ್ಪಿದೆ. ಈಗ ಅದರ ಅರ್ಥ ಏನು ಅಂತ ನಿಮಗೂ ಗೊತ್ತು. ಮಕ್ಕಳು ಓದುವ ಫಲಕದಲ್ಲಿ ಅದನ್ನು ಬರೆಯುವುದಾ? ಇನ್ನು ಮಂಜು ಅಂದರೆ ನಮ್ಮ ಮಡಿಕೇರಿಯಲ್ಲಿ ಬೆಳಗ್ಗೆ ದಾರಿ ಕಾಣದ ಹಾಗೆ ಕವಿಯುವುದು, ಕೊಂಬೆ ಮುರಿಯುವುದಲ್ಲ. ಜಪಾನಿ ಪದವೇ ಇರಲಿ. 2004ರ ಡಿಸೆಂಬರ್ ಆದಮೇಲೆ ‘ಸುನಾಮಿ’ಯನ್ನು ಯಾರೂ ಅನುವಾದ ಮಾಡಲಿಲ್ಲ, ಹಳ್ಳಿ ಅಜ್ಜಿಯರೂ ಹಾಗೇ ಅಂದರು.

ಮರು: ಮರು: ಮರು:
ಸುನಾಮಿ ಬಂತು ಅಂತ ಎಲ್ಲವೂ ಬರಬೇಕಾ? ಸುನಾಮಿಗೆ ನಮ್ಮಲ್ಲಿ ಪದ ಇರಲಿಲ್ಲ, ತಂದೆವು. ಕಟ್ಟುವುದು, ತೂಗುವುದು ನಮ್ಮಲ್ಲಿ ಇಲ್ಲವಾ? ನೋಡದೇ ಸಾಲಕ್ಕೆ ಕೈ ಚಾಚುವುದು ಸೋಮಾರಿತನ.

ಮರು: ಪದ ಕೇಳಿದವರಿಗೆ, ಸಾಗರದಿಂದ:
ಜಗಳ ಅವರಿಗೆ ಬಿಡಿ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಳೆರೋಗ ಬಾರದಿರಲಿ ಅಂತ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತೇವೆ. ಹೆಸರಿನಲ್ಲಿ ಮಳೆಯೂ ಇಲ್ಲ, ಕೊಳೆಯೂ ಇಲ್ಲ, ಮಾಡುವ ಕೆಲಸ ಮಾತ್ರ ಇದೆ. ಬಾಳೆ ಗೊನೆ ಬಾಗಿದರೆ ಕವೆಗೋಲು ಕೊಡುತ್ತೇವೆ, ಅದು ಕೆಳಗಿನಿಂದ. ನೀವು ಹೇಳಿದ್ದು ಮೇಲಿನಿಂದ. ‘ತೂಗುಗಟ್ಟು’ ಅನ್ನಿ. ಹಗ್ಗ ಕಟ್ಟುವಾಗ ಇನ್ನೂ ಹಿಮ ಬಿದ್ದಿರುವುದಿಲ್ಲ ಅಲ್ವಾ, ನವೆಂಬರ್ ಚಿತ್ರದಲ್ಲಿ ಮಕ್ಕಳು ಸುಮ್ನೆ ಹಿಮ ಹುಡುಕುತ್ತಾರೆ.

ಮರು: ಕೇಳಿದವರಿಂದ:
ಇದೇ ಬೇಕಿತ್ತು. ಕೆಂಪೆಲೆಯ ಚಿತ್ರದ ಹಿಂದೆಯೂ ಹಗ್ಗಗಳು ಕಾಣುತ್ತವೆ, ಎರಡಕ್ಕೂ ಹೊಂದುತ್ತದೆ. ಫಲಕಕ್ಕೆ ಹೀಗೆ ಕಳಿಸುತ್ತಿದ್ದೇನೆ: “ತೂಗುಗಟ್ಟು. ಹಿಮದ ಭಾರಕ್ಕೆ ಕೊಂಬೆ ಮುರಿಯದಂತೆ ಮೇಲಿನಿಂದ ಕಟ್ಟಿದ ಹಗ್ಗಗಳು. ಜಪಾನಿನಲ್ಲಿ ಯುಕಿತ್ಸುರಿ ಎನ್ನುತ್ತಾರೆ.” ಹಿಮವನ್ನು ಮಂಜು ಮಾಡುವುದಿಲ್ಲ ಸರ್, ಕ್ಷಮಿಸಿ.