ಬೆಂಡಿಗೋದ ಹಳೇ ಸೀಸೆ, ನಮ್ಮ ನೀಲಗಿರಿ ಎಣ್ಣೆ

ಪ್ರಶ್ನೆ: ನಮಸ್ಕಾರ ಮೇಡಂ. ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮ ಮನೆಯವರೂ ಮೆಲ್ಬರ್ನ್‌ಗೆ ಬಂದಿದ್ದೇವೆ. ಹೋದ ವಾರ ಅಳಿಯ ಬೆಂಡಿಗೋ ಊರು ತೋರಿಸಿದ. ಅಲ್ಲಿ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಪುಟ್ಟ ಗಾಜಿನ ಸೀಸೆ ಸಿಕ್ಕಿತು. ಮೈಮೇಲೆ ‘ಸ್ಯಾಂಡರ್ ಅಂಡ್ ಸನ್ಸ್, ಯೂಕಲಿಪ್ಟೈ ಎಕ್ಸ್‌ಟ್ರಾಕ್ಟ್’ ಅಂತ ಉಬ್ಬಕ್ಷರ. ತಳದಲ್ಲಿ ಕಂದು ಅಂಟು ಒಣಗಿ ಕೂತಿದೆ. 1800ರ ಕಾಲದ ಪೇಟೆಂಟ್ ಮದ್ದು, ಎಲ್ಲಾ ಕಾಯಿಲೆಗೂ ಕೊಡ್ತಿದ್ದರು ಅಂದರು ಅಂಗಡಿಯವರು. ಇದು ನಮ್ಮ ಊಟಿಯ ನೀಲಗಿರಿ ಎಣ್ಣೆಯೇನಾ, ಬೇರೆ ಸಾರವಾ? ಪೇಟೆಂಟ್ ಅಂದಮೇಲೆ ಸರ್ಕಾರ ಪರೀಕ್ಷೆ ಮಾಡಿರಬೇಕಲ್ಲ?

ಉತ್ತರ (ಫಾರ್ಮಸಿಸ್ಟ್): ನಮಸ್ಕಾರ ಸರ್, ಒಳ್ಳೇ ಸೀಸೆ ಸಿಕ್ಕಿದೆ ನಿಮಗೆ.

ಮೊದಲು ಪೇಟೆಂಟ್ ವಿಷಯ. ಆ ಕಾಲದಲ್ಲಿ ‘ಪೇಟೆಂಟ್ ಮದ್ದು’ ಅಂದರೆ ಡಾಕ್ಟರ ಚೀಟಿ ಇಲ್ಲದೆ, ಕಂಪನಿಯ ಹೆಸರಿನ ಮೇಲೆ ಮಾರುವ ಸಿದ್ಧ ಔಷಧಿ. ಬಹುಪಾಲು ಮದ್ದುಗಳಿಗೆ ನಿಜವಾದ ಪೇಟೆಂಟೇ ಇರಲಿಲ್ಲ, ಯಾಕೆಂದರೆ ಪೇಟೆಂಟ್ ಬೇಕಾದರೆ ಒಳಗೇನಿದೆ ಅಂತ ಬರೆದುಕೊಡಬೇಕು. ಸ್ಯಾಂಡರ್ ಕಂಪನಿ ಮಾತ್ರ ತನಗೆ ರಾಣಿಯ ಪೇಟೆಂಟ್ ಇದೆ ಅಂತ ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತಿತ್ತು. ಇದ್ದರೂ ಅದು ತಯಾರಿಸಿ ಮಾರುವ ಹಕ್ಕಿಗೆ ಸಿಗುವ ಪತ್ರ. ಕಾಯಿಲೆ ವಾಸಿಯಾಗುತ್ತೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಇನ್ನು ಒಳಗಿದ್ದ ವಸ್ತು. ಅದೂ ನೀಲಗಿರಿ ಎಣ್ಣೆಯ ಕುಲದ್ದೇ. ‘ಎಕ್ಸ್‌ಟ್ರಾಕ್ಟ್’ ಅನ್ನುವುದು ಮಾರುವವರು ಆರಿಸಿಕೊಂಡ ಮಾತು. ಉಳಿದವರದ್ದು ಒರಟು ಎಣ್ಣೆ, ನಮ್ಮದು ಶುದ್ಧ ಸಾರ ಅಂತ ಬೇರೆ ಮಾಡಿ ತೋರಿಸಲು ಅದು ಬೇಕಿತ್ತು. ಎಲೆಯನ್ನು ಹಂಡೆಗೆ ತುಂಬಿ, ಕೆಳಗಿನಿಂದ ಹಬೆ ಬಿಟ್ಟು, ಆ ಹಬೆಯನ್ನು ತಣ್ಣೀರಿನಲ್ಲಿ ಮುಳುಗಿದ ಕೊಳವೆಯಲ್ಲಿ ಹಾಯಿಸಿದರೆ ಕೊನೆಗೆ ಪಾತ್ರೆಯಲ್ಲಿ ನೀರು ಕೆಳಗೆ, ಎಣ್ಣೆ ಮೇಲೆ ನಿಲ್ಲುತ್ತೆ. ಊಟಿಯಲ್ಲಿ ಎಣ್ಣೆ ಬಟ್ಟಿ ಇಳಿಸುವುದನ್ನು ನೋಡಿದವರಿಗೆ ಇದು ಗೊತ್ತಿರುತ್ತೆ. ಊಟಿಯ ಮರ ಆಸ್ಟ್ರೇಲಿಯಾದ ಬ್ಲೂ ಗಮ್, 1843ರ ಹೊತ್ತಿಗೆ ಬ್ರಿಟಿಷರು ತಂದು ನೆಟ್ಟದ್ದು. ಆ ಬೆಟ್ಟದ ಹೆಸರೇ ಕನ್ನಡದಲ್ಲಿ ಮರದ ಹೆಸರಾಗಿಬಿಟ್ಟಿತು. ಬೆಂಡಿಗೋ ಸುತ್ತಿನ ಎಣ್ಣೆಗೆ ಹೆಸರಾದದ್ದು ಮ್ಯಾಲಿ ಅನ್ನುವ ಪೊದೆ ಜಾತಿ. ಕುಯ್ದಷ್ಟೂ ಬುಡದಿಂದ ಮತ್ತೆ ಚಿಗುರುತ್ತೆ. ಎರಡರಲ್ಲೂ ಮುಖ್ಯ ದ್ರವ್ಯ ಸಿನಿಯೋಲ್. 1870ರಲ್ಲಿ ಕ್ಲೋಯೆಜ್ ಅನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞ ಅದನ್ನು ಗುರುತಿಸಿ ಯೂಕಲಿಪ್ಟಾಲ್ ಅಂತ ಹೆಸರಿಟ್ಟ.

ಈ ಉದ್ಯಮ ಶುರುವಾದದ್ದು ನನ್ನ ವೃತ್ತಿಯವರೊಬ್ಬರಿಂದ ಅನ್ನುವುದು ನನಗೆ ಹೆಮ್ಮೆ. ಜೋಸೆಫ್ ಬೊಸಿಸ್ಟೊ ಮೆಲ್ಬರ್ನ್‌ನ ರಿಚ್ಮಂಡ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು. ವಿಕ್ಟೋರಿಯಾ ಸರ್ಕಾರದ ಸಸ್ಯಶಾಸ್ತ್ರಜ್ಞ ಫರ್ಡಿನೆಂಡ್ ಫಾನ್ ಮುಲ್ಲರ್ ಒತ್ತಾಸೆಯಿಂದ 1850ರ ದಶಕದಲ್ಲಿ ಡ್ಯಾಂಡೆನಾಂಗ್ ಹೊಳೆಯ ಬಳಿ ಬಟ್ಟಿ ಹೂಡಿದರು. ಅವರ ಗಿಳಿ ಗುರುತಿನ ಎಣ್ಣೆಯ ಹೆಸರು ಇವತ್ತಿಗೂ ಅಲ್ಲಿನ ಅಂಗಡಿಗಳಲ್ಲಿದೆ, ಅಳಿಯನ ಮನೆಯಲ್ಲೂ ಇದ್ದೀತು ನೋಡಿ.

ಕೆಲಸ ಮಾಡ್ತಿತ್ತಾ ಅಂದರೆ, ಕೆಲವಕ್ಕೆ ಹೌದು. ಕಟ್ಟಿದ ಮೂಗು ಬಿಟ್ಟಂತೆ ಅನಿಸುತ್ತೆ, ಮೈಕೈ ನೋವಿಗೆ ತಿಕ್ಕಿದರೆ ಹಿತ. ಕ್ರಿಮಿಗಳ ಬೆಳವಣಿಗೆಯನ್ನೂ ತಕ್ಕಮಟ್ಟಿಗೆ ತಡೆಯುತ್ತೆ. ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕ ಬಳಸುವ ಪದ್ಧತಿ ತಂದ ಬ್ರಿಟಿಷ್ ವೈದ್ಯ ಲಿಸ್ಟರ್ ಅಂಥವರೇ ಇದನ್ನು ಬಳಸಿ ನೋಡಿದ್ದರು. ತೊಂದರೆ ಸೀಸೆಯ ಮೇಲಿನ ಬರಹದ್ದು. ಸ್ಯಾಂಡರ್ ಜಾಹೀರಾತಿನಲ್ಲಿ ಇಟಲಿಯ ರಾಜನ ಆಶ್ರಯ, 1883ರ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದ ಮನ್ನಣೆ, ಮೋಸ್ಲರ್ ಅನ್ನುವ ಜರ್ಮನ್ ಪ್ರೊಫೆಸರ ಶಿಫಾರಸು, ಎಲ್ಲ ಸಾಲಾಗಿ ಬರುತ್ತಿದ್ದವು. ಅದರ ಜೊತೆಗೇ ನೆಗಡಿಯಿಂದ ಹಿಡಿದು ಗಂಟಲಮಾರಿಯವರೆಗೆ ರೋಗಗಳ ಪಟ್ಟಿ.

ಈ ಗಂಟಲಮಾರಿಯ ಮಾತು ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತೆ. ಡಿಪ್ತೀರಿಯಾದಲ್ಲಿ ಕ್ರಿಮಿ ಗಂಟಲಲ್ಲೇ ಕೂತು ವಿಷ ಬಿಡುತ್ತೆ, ಬೂದುಬಣ್ಣದ ಪೊರೆ ಬೆಳೆದು ಉಸಿರುಗಟ್ಟುತ್ತೆ, ವಿಷ ರಕ್ತಕ್ಕಿಳಿದು ಗುಂಡಿಗೆ ಹಿಡಿಯುತ್ತೆ. ಆ ವಿಷವನ್ನು ಯಾವ ಎಲೆಯ ಹಬೆಯೂ ಮುಟ್ಟಲಾರದು. ಅದಕ್ಕೆ ಪ್ರತಿವಿಷದ ಸೀರಂ ಬೇಕಿತ್ತು, ಅದು ಕೈಗೆ ಬಂದದ್ದು 1890ರ ದಶಕದಲ್ಲಿ. ಅಲ್ಲಿಯವರೆಗೆ ಎಷ್ಟು ತಾಯಂದಿರು ಇಂಥ ಸೀಸೆ ಹಿಡಿದು ರಾತ್ರಿ ಕಳೆದಿರಬೇಕು. ಅವರನ್ನು ತಪ್ಪು ಅನ್ನಲಾರೆ, ಕೈಯಲ್ಲಿ ಬೇರೇನೂ ಇರಲಿಲ್ಲ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮತ್ತೆ 2 ವರ್ಷದ ಮಗುವಿಗೆ ಶೀತ ಆದಾಗ ಸಕ್ಕರೆಯಲ್ಲಿ ನೀಲಗಿರಿ ಎಣ್ಣೆ ಎರಡು ಹನಿ ಹಾಕಿ ನೆಕ್ಕಿಸಬೇಕು ಅಂತಾರೆ. ಗಿಡದ್ದೇ ಅಲ್ವಾ, ಏನಾಗುತ್ತೆ ಅಂತ ಅವರ ವಾದ.

ಉತ್ತರ: ದಯವಿಟ್ಟು ಕೊಡಬೇಡಮ್ಮ, ಒಂದು ಹನಿಯೂ ಬೇಡ. ಸಕ್ಕರೆ ಮೇಲೆ ಹನಿ ಹಾಕಿ ನುಂಗುವ ಪದ್ಧತಿ ಆ ಕಾಲದಲ್ಲೂ ಇತ್ತು, ಆಸ್ಟ್ರೇಲಿಯಾದ ಮನೆಗಳಲ್ಲೂ ಇತ್ತು. ಆದರೆ ಹನಿ ತಪ್ಪಿ ಚಮಚ ಆಗಲು ಎಷ್ಟು ಹೊತ್ತು? ಒಂದು ಟೀ ಚಮಚ, ಅಂದರೆ 5 ಮಿ.ಲೀ. ಒಳಗೆ ಹೋದರೆ ಪುಟ್ಟ ಮಗುವಿನ ಪ್ರಾಣಕ್ಕೇ ಅಪಾಯ. ಗಂಟಲು ಉರಿ, ವಾಂತಿ, ಆಮೇಲೆ ತೂಕಡಿಕೆ, ಫಿಟ್ಸ್. ಅರ್ಧ ಗಂಟೆಯೊಳಗೇ ಶುರುವಾಗಬಹುದು.

ನನ್ನ ಕೌಂಟರಿಗೆ ಒಮ್ಮೆ ಅಜ್ಜಿಯೊಬ್ಬರು ಮೊಮ್ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಕೆಮ್ಮಿನ ಸಿರಪ್ ಅಂದುಕೊಂಡು ಪಕ್ಕದ ಸೀಸೆಯಿಂದ ಬಗ್ಗಿಸಿದ್ದರು. ಹುಡುಗನ ಉಸಿರಲ್ಲೇ ನೀಲಗಿರಿ ವಾಸನೆ, ಕಣ್ಣು ತೇಲುತ್ತಿತ್ತು. ಆಟೋ ಹತ್ತಿಸಿ ಆಸ್ಪತ್ರೆಗೆ ಓಡಿದೆವು. ಉಳಿದ. ಅವತ್ತಿನಿಂದ ನಾನು ಈ ಎಣ್ಣೆ ಕೊಡುವಾಗ ಕೆಮ್ಮಿನ ಸಿರಪ್ ಪಕ್ಕ ಇಡಬೇಡಿ ಅಂತ ಬಾಯಿಬಿಟ್ಟು ಹೇಳದೆ ಕಳಿಸುವುದಿಲ್ಲ.

ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಸೀಸೆಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಎಳೆ ಮಕ್ಕಳ ಮೂಗು, ಮುಖಕ್ಕೆ ಹಚ್ಚುವುದೂ ಬೇಡ. ಮೂರ್ಛೆ ಇರುವ ದೊಡ್ಡವರೂ ಇದರ ಹಬೆಯಿಂದ ದೂರ ಇರಲಿ. ಇದರಿಂದ ಫಿಟ್ಸ್ ಬಂದವರ ಬಗ್ಗೆ ನಮ್ಮ ದಕ್ಷಿಣ ಭಾರತದ ನರರೋಗ ತಜ್ಞರೇ ಬರೆದಿದ್ದಾರೆ. ಅತ್ತೆಯವರಿಗೆ ಹೀಗೆ ಹೇಳಿ: ನಿಮ್ಮ ಮಂಡಿನೋವಿಗೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ನಾನೇ ತಿಕ್ಕಿಕೊಡ್ತೀನಿ, ಮಗುವಿಗೆ ಮಾತ್ರ ಬೇಡ ಅಂತ.

ಮೊದಲು ಕೇಳಿದವರು: ತುಂಬಾ ಉಪಕಾರವಾಯಿತು ಮೇಡಂ. ಸೀಸೆಯನ್ನು ತೊಳೆದು ಊರಿಗೆ ತರೋಣ ಅಂತಿದ್ದೇನೆ. ಎಷ್ಟು ಹಳೇದು ಅಂತ ತಿಳಿಯುವ ದಾರಿ ಇದೆಯೇ?

ಉತ್ತರ: ತಳದ ಅಂಟು ಬಿಸಿನೀರಿಗೆ ಬಗ್ಗದಿದ್ದರೆ ಸ್ವಲ್ಪ ಸ್ಪಿರಿಟ್ ಹಾಕಿ ನೆನೆಸಿಡಿ ಸರ್, ಮಕ್ಕಳ ಕೈಗೆ ಸಿಗದ ಹಾಗೆ. ಇನ್ನು ಮೈಮೇಲೆ ಊರಿನ ಹೆಸರು ಇದೆಯಾ ಬೆಳಕಿಗೆ ಹಿಡಿದು ನೋಡಿ. ಬೆಂಡಿಗೋಗೆ ಮೊದಲು ಸ್ಯಾಂಡ್‌ಹರ್ಸ್ಟ್ ಅಂತ ಹೆಸರಿತ್ತು, 1891ರಲ್ಲಿ ಬದಲಾಯಿತು. ಹಳೇ ಅಚ್ಚನ್ನೇ ಕೆಲವು ವರ್ಷ ಬಳಸಿರಲೂಬಹುದು, ಆದರೂ ಅದೊಂದು ಸುಳಿವು.

ಮೊದಲು ಕೇಳಿದವರು: ಮನೆಯವರ ಕನ್ನಡಕ ಹಾಕಿಕೊಂಡು ನೋಡಿದೆ ಮೇಡಂ. ಸ್ಯಾಂಡ್‌ಹರ್ಸ್ಟ್ ಅಂತಲೇ ಇದೆ.